ಐದು ಸಾಲಿನ ದಿನಚರಿ: ಬರೆಯುವ ಕ್ರಮ ಮತ್ತು ತಿರುಗಿ ಓದುವ ಕ್ರಮ

ನನ್ನ ಹಳೆಯ ನೋಟ್‌ಬುಕ್ ಒಂದರಲ್ಲಿ, ಒಂದೇ ತಿಂಗಳ ಪುಟಗಳಲ್ಲಿ, ಹೆಚ್ಚುಕಡಿಮೆ ಒಂದೇ ಬಗೆಯ ಸಾಲು ಮೂರು ಕಡೆ ಇದೆ: ‘ಅಕ್ಕ ಫೋನ್ ಮಾಡಿದ್ದಳು. ಮಾತಾಡುತ್ತಲೇ ಲ್ಯಾಪ್‌ಟಾಪ್‌ನಲ್ಲಿ ಮೇಲ್ ನೋಡುತ್ತಿದ್ದೆ. “ಏನೋ ಕೆಲಸದಲ್ಲಿದ್ದೀಯ ಅನ್ಸುತ್ತೆ, ಆಮೇಲೆ ಮಾಡ್ತೀನಿ ಬಿಡು” ಅಂದಳು.’ ಮೂರನ್ನೂ ಬರೆದದ್ದು ನಾನೇ. ಆದರೆ ಎರಡನೆಯದನ್ನು ಬರೆಯುವಾಗ ಮೊದಲನೆಯದು ನೆನಪಿರಲಿಲ್ಲ. ಮೂರನೆಯದನ್ನು ಬರೆಯುವಾಗ ಹಿಂದಿನ ಎರಡೂ ನೆನಪಿರಲಿಲ್ಲ. ಅಕ್ಕನೊಡನೆ ನಿನ್ನ ಒಡನಾಟ ಹೇಗಿದೆ ಎಂದು ಆ ತಿಂಗಳು ಯಾರಾದರೂ ಕೇಳಿದ್ದರೆ ಚೆನ್ನಾಗಿಯೇ ಇದೆ ಎನ್ನುತ್ತಿದ್ದೆ, ಅದನ್ನು ಮನಸಾರೆ ನಂಬಿಯೇ ಎನ್ನುತ್ತಿದ್ದೆ. ತಿಂಗಳ ಕೊನೆಯಲ್ಲಿ ಪುಟಗಳನ್ನು ಮೊದಲಿನಿಂದ ಓದಿದಾಗಷ್ಟೇ ಆ ಮೂರು ಸಾಲುಗಳು ಒಂದರ ಪಕ್ಕ ಒಂದು ಬಂದು ನಿಂತವು.

ದಿನಚರಿ ಬರೆಯಬೇಕೆಂಬ ಸಲಹೆಯನ್ನು ಕೇಳದವರಿಲ್ಲ. ಉತ್ಸಾಹದಿಂದ ಶುರುಮಾಡಿ ಎರಡು ವಾರಕ್ಕೆ ಕೈಬಿಟ್ಟವರೂ ಕಡಿಮೆಯಿಲ್ಲ. ಹಾಗೆ ಕೈಬಿಡುವುದಕ್ಕೆ ಸೋಮಾರಿತನವೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಬರೆದದ್ದನ್ನು ಬರೆದವರೇ ತಿರುಗಿ ಓದುವುದಿಲ್ಲ. ಓದಿದರೂ ‘ಇಂದು ಮನಸ್ಸಿಗೆ ಬೇಸರವಾಗಿತ್ತು, ನಾಳೆಯಿಂದ ಸರಿಯಾಗಬೇಕು’ ಎಂಬಂಥ ಸಾಲುಗಳಿಂದ ಹೊಸದೇನೂ ತಿಳಿಯುವುದಿಲ್ಲ. ಪ್ರಯೋಜನ ಕಾಣದ ಕೆಲಸವನ್ನು ಮನಸ್ಸು ಬಿಟ್ಟುಬಿಡುವುದು ಸಹಜವೇ ಆಗಿದೆ. ಇಲ್ಲಿ ವಿವರಿಸುತ್ತಿರುವುದು ತಿರುಗಿ ಓದುವುದಕ್ಕೆಂದೇ ಬರೆಯುವ ಒಂದು ಕ್ರಮ. ಇದಕ್ಕೆ ದಿನಕ್ಕೆ ಹತ್ತು ನಿಮಿಷ ಮತ್ತು ತಿಂಗಳಿಗೊಮ್ಮೆ ಮುಕ್ಕಾಲು ಗಂಟೆ ಬೇಕು. ಬರೆಯುವ ಕೈ ಚೆನ್ನಾಗಿರಬೇಕಿಲ್ಲ, ಭಾಷೆಯೂ ಚೆನ್ನಾಗಿರಬೇಕಿಲ್ಲ.

ಮೊದಲ ಹೆಜ್ಜೆ: ಹೊತ್ತು ಮತ್ತು ಜಾಗವನ್ನು ಗೊತ್ತುಮಾಡಿಕೊಳ್ಳುವುದು

‘ದಿನಾ ಬರೆಯುತ್ತೇನೆ’ ಎಂಬ ನಿರ್ಧಾರ ಸಾಲದು. ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಜರ್ 1990ರ ದಶಕದಲ್ಲಿ ಈ ವಿಷಯವನ್ನು ಪ್ರಯೋಗಗಳ ಮೂಲಕ ಪರಿಶೀಲಿಸಿದರು. ಬರಿಯ ಗುರಿಯನ್ನು ಇಟ್ಟುಕೊಂಡವರಿಗಿಂತ, ‘ಇಂಥ ಸಂದರ್ಭ ಬಂದರೆ ಇಂಥ ಕೆಲಸ ಮಾಡುತ್ತೇನೆ’ ಎಂದು ಹೊತ್ತು ಮತ್ತು ಜಾಗವನ್ನು ಮುಂಚೆಯೇ ನಿಗದಿ ಮಾಡಿಕೊಂಡವರು ಅಂದುಕೊಂಡ ಕೆಲಸವನ್ನು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ ಎಂಬುದು ಆ ಪ್ರಯೋಗಗಳಿಂದ ಕಂಡುಬಂತು. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮ್ಮ ನಿರ್ಧಾರವನ್ನು ಹೀಗೆ ಬರೆದುಕೊಳ್ಳಿ: ‘ರಾತ್ರಿಯ ಊಟವಾಗಿ ಪಾತ್ರೆ ತೊಳೆದಿಟ್ಟ ಮೇಲೆ, ಅಡುಗೆಮನೆಯ ದೀಪ ಆರಿಸುವ ಮುಂಚೆ, ಅಲ್ಲೇ ಸ್ಟೂಲಿನ ಮೇಲೆ ಕೂತು ಬರೆಯುತ್ತೇನೆ.’ ಗಡಿಯಾರದ ಹೊತ್ತಿಗಿಂತ ಈಗಾಗಲೇ ದಿನಾ ನಡೆಯುವ ಕೆಲಸವೊಂದಕ್ಕೆ ಜೋಡಿಸುವುದೇ ಮೇಲು. ಒಂಬತ್ತು ಗಂಟೆ ಎಂಬುದು ನಮಗೆ ಗೊತ್ತಾಗದೆಯೇ ಕಳೆದುಹೋಗಬಹುದು. ಪಾತ್ರೆ ತೊಳೆದದ್ದು ಗೊತ್ತಾಗದೆ ಇರುವುದಿಲ್ಲ.

ಹಾಸಿಗೆಯ ಮೇಲೆ, ಕಣ್ಣು ಮುಚ್ಚುವ ತನಕ ಬರೆಯುವ ಪದ್ಧತಿಯನ್ನು ಮಾತ್ರ ಬೇಡವೆನ್ನುತ್ತೇನೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 57 ಮಂದಿ ಯುವಜನರನ್ನು ಪ್ರಯೋಗಾಲಯದಲ್ಲಿ ಮಲಗಿಸಿದ್ದರು. ಮಲಗುವ ಮುಂಚೆ ಐದು ನಿಮಿಷ ಕೆಲವರು ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದರು, ಉಳಿದವರು ಮಾಡಿ ಮುಗಿಸಿದ ಕೆಲಸಗಳನ್ನು ಬರೆದರು. ಮುಂದಿನ ಕೆಲಸ ಬರೆದವರು, ದಿನಚರಿಯಂತೆ ಆಗಿಹೋದದ್ದನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಇದು ಒಂದೇ ರಾತ್ರಿಯ, ಕಡಿಮೆ ಜನರ ಅಧ್ಯಯನವಾದರೂ ಅದರಿಂದ ನಾನು ಎರಡು ಸಂಗತಿಗಳನ್ನು ಅಳವಡಿಸಿಕೊಂಡಿದ್ದೇನೆ. ದಿನಚರಿಯನ್ನು ಮಲಗುವುದಕ್ಕೆ ಒಂದು ಗಂಟೆಯಾದರೂ ಮುಂಚೆ ಬರೆದು ಮುಗಿಸುತ್ತೇನೆ, ಮತ್ತು ಕೊನೆಯ ಸಾಲಿನಲ್ಲಿ ನಾಳೆಯ ಒಂದು ಕೆಲಸವನ್ನು ಬರೆದಿಟ್ಟು ನೋಟ್‌ಬುಕ್ ಮುಚ್ಚುತ್ತೇನೆ.

ಕಾಗದವೋ ಫೋನೋ ಎಂಬ ಪ್ರಶ್ನೆಗೆ ನನ್ನ ಉತ್ತರ ಕಾಗದ. ಫೋನಿನಲ್ಲಿ ಬರೆಯಲು ಕೂತರೆ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಯಾವುದೋ ಸಂದೇಶ ಬಂದು ಕೈ ಹಿಡಿದೆಳೆಯುತ್ತದೆ. ಮನೆಯಲ್ಲಿ ಬೇರೆಯವರು ಓದಿಬಿಟ್ಟಾರೆಂಬ ಅಳುಕಿದ್ದರೆ ಹೆಸರುಗಳ ಬದಲು ಒಂದೊಂದು ಅಕ್ಷರ ಬಳಸಬಹುದು. ಅಳುಕು ದೊಡ್ಡದಾಗಿದ್ದರೆ ಆಗ ಪಾಸ್‌ವರ್ಡ್ ಇರುವ ಫೋನೇ ಸರಿ, ಏಕೆಂದರೆ ಯಾರಾದರೂ ಓದುತ್ತಾರೆಂದು ಗೊತ್ತಿರುವ ಕಡೆ ನಾವು ನಿಜ ಬರೆಯುವುದಿಲ್ಲ.

ಎರಡನೆಯ ಹೆಜ್ಜೆ: ತೀರ್ಪನ್ನು ಬಿಟ್ಟು ನಡೆದದ್ದನ್ನು ಬರೆಯುವುದು

ಈ ಕ್ರಮದ ಜೀವಾಳ ಇರುವುದು ಇಲ್ಲಿ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮ್ಮ ಬಗ್ಗೆ ಬರೆಯಲು ಕೂತಾಗ ಕೈಗೆ ಮೊದಲು ಬರುವುದು ತೀರ್ಪು. ‘ಇಂದೂ ಸೋಮಾರಿತನ ಮಾಡಿದೆ’ ಎಂದು ಬರೆಯುತ್ತೇವೆ. ಬರೆದ ಕೂಡಲೇ ಏನೋ ಪ್ರಾಮಾಣಿಕವಾಗಿ ಒಪ್ಪಿಕೊಂಡ ಸಮಾಧಾನವಾಗುತ್ತದೆ, ಆದರೆ ಒಪ್ಪಿಕೊಂಡದ್ದಾದರೂ ಏನನ್ನು? ಇದೇ ಸಂಗತಿಯನ್ನು ಹೀಗೆ ಬರೆದು ನೋಡಿ: ‘ಆರಕ್ಕೆ ಅಲಾರಂ ಹೊಡೆಯಿತು. ಆರಿಸಲು ಫೋನ್ ಎತ್ತಿಕೊಂಡೆ. ಏಳೂಕಾಲಿಗೆ ಹಾಸಿಗೆ ಬಿಟ್ಟೆ. ನಡುವೆ ನಿದ್ದೆ ಬರಲಿಲ್ಲ, ವೀಡಿಯೊ ನೋಡುತ್ತಿದ್ದೆ.’ ಮೊದಲನೆಯ ಸಾಲಿಗೆ ಮದ್ದಿಲ್ಲ. ಎರಡನೆಯದರಲ್ಲಿ ಮದ್ದು ಕಣ್ಣಿಗೆ ಕಾಣುವಂತಿದೆ: ಅಲಾರಂ ಹೊಡೆಯುವ ವಸ್ತುವೂ ವೀಡಿಯೊ ತೋರಿಸುವ ವಸ್ತುವೂ ಒಂದೇ ಆಗಿರುವುದು ಇಲ್ಲಿನ ತೊಡಕು, ಮತ್ತು ಬೇರೆ ಅಲಾರಂ ಗಡಿಯಾರವೊಂದು ಬಂದರೆ ತೊಡಕಿನ ಬಹುಪಾಲು ಹೋಗುತ್ತದೆ. ಸೋಮಾರಿತನ ಎಂಬ ಪದ ಈ ವಿವರವನ್ನೆಲ್ಲ ಮುಚ್ಚಿಹಾಕಿಬಿಟ್ಟಿತ್ತು.

ಹೊಗಳಿಕೆಗೂ ಇದೇ ಮಾತು ಅನ್ವಯಿಸುತ್ತದೆ. ‘ಇಂದು ತಾಳ್ಮೆಯಿಂದ ಇದ್ದೆ’ ಎಂಬುದಕ್ಕಿಂತ ‘ಮಗ ಒಂದೇ ಲೆಕ್ಕವನ್ನು ನಾಲ್ಕನೆಯ ಸಲ ಕೇಳಿದ, ಪೆನ್ನು ಕೆಳಗಿಟ್ಟು, ನೀರು ಕುಡಿದು ಬಂದು, ಮತ್ತೆ ಹೇಳಿಕೊಟ್ಟೆ’ ಎಂಬುದು ಆರು ತಿಂಗಳ ನಂತರವೂ ಕೆಲಸಕ್ಕೆ ಬರುತ್ತದೆ, ಏಕೆಂದರೆ ತಾಳ್ಮೆ ಹೇಗೆ ಬಂತೆಂಬುದು ಅದರಲ್ಲಿದೆ.

ಹಾಗಾದರೆ ಆ ಐದು ಸಾಲುಗಳು ಯಾವುವು? ನಾನು ಅನುಸರಿಸುವುದು ಹೀಗೆ. ಮೊದಲ ಸಾಲಿನಲ್ಲಿ ಆ ದಿನ ಹೊತ್ತು ಹೆಚ್ಚಾಗಿ ಎಲ್ಲಿ ಹೋಯಿತೆಂಬುದನ್ನು ಬರೆಯುತ್ತೇನೆ. ಎರಡನೆಯದರಲ್ಲಿ ಯಾರಾದರೂ ಒಬ್ಬರೊಡನೆ ನಡೆದ ಮಾತನ್ನು, ಸಾಧ್ಯವಾದರೆ ಆಡಿದ ಮಾತುಗಳಲ್ಲೇ, ಬರೆಯುತ್ತೇನೆ. ಮೂರನೆಯದು ಆ ತಿಂಗಳು ಗಮನಿಸುತ್ತಿರುವ ಅಭ್ಯಾಸಕ್ಕೆ ಮೀಸಲು. ನಾಲ್ಕನೆಯದು ಮಾಡಬೇಕೆಂದು ಮಾಡದೆ ಬಿಟ್ಟ ಒಂದು ಕೆಲಸ, ಐದನೆಯದು ನಾಳೆಯ ಒಂದು ಕೆಲಸ. ಸಾಲು ಎಂದರೆ ಅಕ್ಷರಶಃ ಒಂದೇ ಸಾಲಾಗಬೇಕಿಲ್ಲ, ಆದರೆ ಪುಟ ಮೀರಬಾರದು. ಮೊದಲ ವಾರದ ಹುಮ್ಮಸ್ಸಿನಲ್ಲಿ ಮೂರು ಪುಟ ಬರೆದವರಿಗೆ ಮೂರನೆಯ ವಾರದಲ್ಲಿ ಆ ಮೂರು ಪುಟವೇ ಹೊರೆಯಾಗುತ್ತದೆ.

ಆ ದಿನದ್ದನ್ನು ಆ ದಿನವೇ ಬರೆಯಬೇಕೆಂದು ಒತ್ತಿ ಹೇಳುವುದಕ್ಕೂ ಕಾರಣವಿದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಸಮನಾಗಿ ನಡೆಯುವುದಿಲ್ಲ, ಮೊದಲ ಕೆಲವು ಗಂಟೆಗಳಲ್ಲೇ ಬಹುಪಾಲು ಸೋರಿಹೋಗಿ ಆಮೇಲೆ ನಿಧಾನವಾಗುತ್ತದೆ ಎಂದು ಅವನಿಗೆ ಗೊತ್ತಾಯಿತು. ಬದುಕಿನ ಘಟನೆಗಳು ಅರ್ಥವಿಲ್ಲದ ಅಕ್ಷರಗಳಲ್ಲ, ನಿಜ, ಘಟನೆ ನೆನಪಿರುತ್ತದೆ. ಆದರೆ ಆಡಿದ ಮಾತಿನ ಪದಗಳು, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮ, ಇವು ಬೆಳಗಾಗುವಷ್ಟರಲ್ಲಿ ನಮಗೆ ಅನುಕೂಲವಾದ ಹಾಗೆ ಬದಲಾಗಿರುತ್ತವೆ ಎಂಬುದನ್ನು ನಾನು ಹಲವು ಸಲ ಕಂಡಿದ್ದೇನೆ.

ಸಂಜೆ ಕೂತು ದಿನದ ಲೆಕ್ಕ ತೆಗೆಯುವುದು ಹೊಸ ಪದ್ಧತಿಯೇನಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ತತ್ತ್ವಜ್ಞಾನಿ ಸೆನೆಕಾ, ದೀಪ ಆರಿಸಿ ಹೆಂಡತಿ ಮಾತು ನಿಲ್ಲಿಸಿದ ಮೇಲೆ ತನ್ನ ಇಡೀ ದಿನವನ್ನು ತಾನೇ ವಿಚಾರಣೆ ಮಾಡಿಕೊಳ್ಳುತ್ತೇನೆಂದು, ಏನನ್ನೂ ಮುಚ್ಚಿಟ್ಟುಕೊಳ್ಳುವುದಿಲ್ಲವೆಂದು ಬರೆದಿದ್ದಾನೆ. ಅವನ ವಿವರಣೆಯಲ್ಲಿ ನನಗೆ ಹಿಡಿಸಿದ ಅಂಶವೆಂದರೆ, ಆ ವಿಚಾರಣೆಯ ಕೊನೆಗೆ ಅವನು ತನ್ನನ್ನು ದಂಡಿಸಿಕೊಳ್ಳುವುದಿಲ್ಲ. ಇನ್ನು ಮುಂದೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ ಎಂದು ತನಗೇ ಹೇಳಿಕೊಂಡು ಮುಗಿಸುತ್ತಾನೆ.

ಮೂರನೆಯ ಹೆಜ್ಜೆ: ಇನ್ನೊಬ್ಬರ ಬಗ್ಗೆ ಬರೆಯುವ ಸಾಲನ್ನು ಎಚ್ಚರದಿಂದ ಬರೆಯುವುದು

ಐದರಲ್ಲಿ ಎರಡನೆಯ ಸಾಲೇ ಕಷ್ಟದ್ದು. ಅದನ್ನು ಹಾಗೇ ಬಿಟ್ಟರೆ ಕೆಲವೇ ವಾರಗಳಲ್ಲಿ ದಿನಚರಿ ದೂರುಗಳ ಖಾತೆಪುಸ್ತಕವಾಗುತ್ತದೆ. ಅವರು ಹೀಗಂದರು, ಇವರು ಹೀಗೆ ಮಾಡಿದರು ಎಂದು ಪುಟ ತುಂಬುತ್ತದೆ. ತಿಂಗಳ ಕೊನೆಯಲ್ಲಿ ಓದಿದರೆ ನಮ್ಮ ಸುತ್ತಲಿನವರೆಲ್ಲ ಕೆಟ್ಟವರಾಗಿ, ನಾವೊಬ್ಬರೇ ಸಹಿಸಿಕೊಂಡವರಾಗಿ ಕಾಣುತ್ತೇವೆ. ಇದನ್ನು ತಡೆಯಲು ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ: ಅವರ ಮಾತನ್ನು ಬರೆದರೆ, ಅದಕ್ಕೆ ಮುಂಚಿನ ನನ್ನ ಮಾತನ್ನೂ ಬರೆಯಲೇಬೇಕು. ‘ಆಫೀಸಿನಲ್ಲಿ ಜೊತೆಯವರು ಸಿಡುಕಿದರು’ ಎಂದಷ್ಟೇ ಬರೆಯುವ ಹಾಗಿಲ್ಲ. ‘“ಇನ್ನೂ ಮುಗಿದಿಲ್ವಾ?” ಅಂದೆ. “ನೀವೇ ಮಾಡ್ಕೊಳ್ಳಿ ಹಾಗಾದ್ರೆ” ಅಂದರು’ ಎಂದು ಬರೆಯಬೇಕು. ‘ಇನ್ನೂ’ ಎಂಬ ಒಂದೇ ಪದ ಎಷ್ಟು ಚುಚ್ಚುತ್ತದೆಂಬುದು ಬರೆದ ಮೇಲೆ ಗೊತ್ತಾಗುತ್ತದೆ, ಆಡುವಾಗ ಗೊತ್ತಾಗುವುದಿಲ್ಲ.

ನಮ್ಮ ಪಾಲು ನಮಗೆ ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದಕ್ಕೆ 1979ರ ಪ್ರಸಿದ್ಧ ಅಧ್ಯಯನವೊಂದಿದೆ. ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು ದಂಪತಿಗಳನ್ನು ಪ್ರಶ್ನಿಸಿ, ಮನೆಯ ಒಂದೊಂದು ಕೆಲಸದಲ್ಲೂ ತಮ್ಮ ಪಾಲು ಎಷ್ಟೆಂದು ಗಂಡನಿಂದಲೂ ಹೆಂಡತಿಯಿಂದಲೂ ಬೇರೆ ಬೇರೆಯಾಗಿ ಅಂದಾಜು ಪಡೆದರು. ಹೆಚ್ಚಿನ ಕೆಲಸಗಳಲ್ಲಿ ಇಬ್ಬರು ಹೇಳಿದ್ದನ್ನು ಕೂಡಿಸಿದರೆ ಆಗಬೇಕಾದದ್ದಕ್ಕಿಂತ ಹೆಚ್ಚಾಗುತ್ತಿತ್ತು. ಜಗಳಕ್ಕೆ ಕಾರಣವಾಗುವಂಥ ಕೆಟ್ಟ ಕೆಲಸಗಳ ವಿಷಯದಲ್ಲೂ ಇದೇ ಪ್ರವೃತ್ತಿ ಕಂಡದ್ದರಿಂದ ಇದು ಬರಿಯ ಜಂಬವಲ್ಲ. ನಾವು ಮಾಡಿದ್ದು ನಮಗೆ ಸುಲಭವಾಗಿ ನೆನಪಿಗೆ ಬರುತ್ತದೆ, ಬೇರೆಯವರು ಮಾಡಿದ್ದು ಬರುವುದಿಲ್ಲ, ಅಷ್ಟೇ. ಆದ್ದರಿಂದ ವಾರಕ್ಕೆ ಎರಡು ದಿನವಾದರೂ ಎರಡನೆಯ ಸಾಲಿನಲ್ಲಿ ಇನ್ನೊಬ್ಬರು ಮಾಡಿದ, ನಾವು ಗಮನಿಸದೆ ಹೋಗಬಹುದಾಗಿದ್ದ ಒಂದು ಕೆಲಸವನ್ನು ಬರೆಯಿರಿ. ‘ನಾನು ಏಳುವಷ್ಟರಲ್ಲಿ ಕಸದ ಬುಟ್ಟಿ ಖಾಲಿಯಾಗಿತ್ತು’ ಎಂಬಷ್ಟು ಸಣ್ಣದಾದರೂ ಸಾಕು. ಕೃತಜ್ಞತೆ ಎಂಬ ದೊಡ್ಡ ಹೆಸರು ಅದಕ್ಕೆ ಬೇಡ. ಲೆಕ್ಕದಲ್ಲಿ ಬಿಟ್ಟುಹೋದದ್ದನ್ನು ಸೇರಿಸುತ್ತಿದ್ದೇವೆ ಎಂದುಕೊಂಡರಾಯಿತು.

ಜಗಳಗಳಿಗಿಂತ ಹೆಚ್ಚಾಗಿ ಗಮನಿಸಬೇಕಾದ ಇನ್ನೊಂದು ಸಂದರ್ಭವಿದೆ. ಯಾರಾದರೂ ಬಂದು ತಮ್ಮ ಸಂತೋಷದ ಸುದ್ದಿಯನ್ನು ಹೇಳಿದಾಗ ನಾವು ಏನೆಂದೆವು? ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇಂಥ ಸುದ್ದಿಗೆ ಬರುವ ಪ್ರತಿಕ್ರಿಯೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಉತ್ಸಾಹದಿಂದ ಕೇಳಿ ಮತ್ತಷ್ಟು ವಿಚಾರಿಸುವುದು ಒಂದು, ‘ಒಳ್ಳೇದಾಯ್ತು’ ಎಂದು ತಣ್ಣಗೆ ಹೇಳಿ ಸುಮ್ಮನಾಗುವುದು ಇನ್ನೊಂದು, ಅದರಲ್ಲಿನ ಕುಂದನ್ನೇ ಎತ್ತಿ ಹೇಳುವುದು ಮೂರನೆಯದು, ಮಾತನ್ನೇ ಬೇರೆ ಕಡೆ ತಿರುಗಿಸುವುದು ನಾಲ್ಕನೆಯದು. ತಮ್ಮ ಸಂಗಾತಿ ಮೊದಲನೆಯ ಬಗೆಯಲ್ಲಿ ಸ್ಪಂದಿಸುತ್ತಾರೆಂದು ಹೇಳಿದವರಲ್ಲಿ ಸಂಬಂಧದ ಬಗೆಗಿನ ತೃಪ್ತಿ ಹೆಚ್ಚಾಗಿತ್ತು. ನನಗೆ ಅಚ್ಚರಿಯೆನಿಸಿದ್ದು ಎರಡನೆಯ ಬಗೆಯ ವಿಷಯ. ‘ಒಳ್ಳೇದಾಯ್ತು’ ಎಂದರೆ ಒಳ್ಳೆಯದನ್ನೇ ಹೇಳಿದಂತಾಯಿತಲ್ಲ ಎಂದು ನಾನು ತಿಳಿದಿದ್ದೆ. ಅಂಥ ತಣ್ಣನೆಯ ಒಪ್ಪಿಗೆ ತೃಪ್ತಿಯನ್ನು ಹೆಚ್ಚಿಸುವ ಕಡೆಗಲ್ಲ, ತಗ್ಗಿಸುವ ಕಡೆಗೇ ಸೇರಿತ್ತು. ನನ್ನ ಪುಟಗಳನ್ನು ತಿರುವಿದಾಗ ಸಿಕ್ಕಿದ್ದೆಲ್ಲ ಹೆಚ್ಚಾಗಿ ಈ ಎರಡನೆಯ ಬಗೆಯದೇ.

ನಾಲ್ಕನೆಯ ಹೆಜ್ಜೆ: ಒಂದು ಅಭ್ಯಾಸವನ್ನು ಎರಡು ವಾರ ಬರಿದೇ ನೋಡುವುದು

ಮೂರನೆಯ ಸಾಲಿಗೆ ಒಂದೇ ಒಂದು ಅಭ್ಯಾಸವನ್ನು ಆರಿಸಿಕೊಳ್ಳಿ. ಮೊದಲ ಎರಡು ವಾರ ಅದನ್ನು ಬದಲಾಯಿಸಲು ಹೋಗಬೇಡಿ. ಕೆಲಸದ ನಡುವೆ ಫೋನ್ ತೆಗೆಯುವುದು ನಿಮ್ಮ ಅಭ್ಯಾಸವೆಂದಿಟ್ಟುಕೊಳ್ಳೋಣ. ಅದು ಯಾವ ಹೊತ್ತಿಗೆ, ಎಲ್ಲಿ ಕೂತಿದ್ದಾಗ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು ಎಂಬಿಷ್ಟನ್ನೇ ಬರೆಯಿರಿ. ಬಹಳ ಸಲ ಈ ‘ಸ್ವಲ್ಪ ಮುಂಚೆ’ ಎಂಬುದರಲ್ಲೇ ಉತ್ತರ ಸಿಗುತ್ತದೆ. ಬೇಸರವಾದಾಗ ಫೋನ್ ತೆಗೆಯುತ್ತೇನೆ ಎಂದು ನಾನು ತಿಳಿದುಕೊಂಡಿದ್ದೆ. ಬರೆದು ನೋಡಿದರೆ, ಬರೆಯುತ್ತಿದ್ದ ವರದಿಯಲ್ಲಿ ಮುಂದಿನ ವಾಕ್ಯ ಏನೆಂದು ತಿಳಿಯದೆ ನಿಂತಾಗಲೆಲ್ಲ ಕೈ ಅತ್ತ ಹೋಗುತ್ತಿತ್ತು. ಬೇಸರಕ್ಕೂ ತಿಳಿಯದೆ ನಿಲ್ಲುವುದಕ್ಕೂ ಪರಿಹಾರ ಬೇರೆ ಬೇರೆ. ಈಗ ಹಾಗೆ ನಿಂತಾಗ ಎದ್ದು ನಾಲ್ಕು ಹೆಜ್ಜೆ ಓಡಾಡಿ ಬರುತ್ತೇನೆ. ಫೋನ್ ಪಕ್ಕದ ಕೋಣೆಯಲ್ಲಿರುತ್ತದೆ.

ಎರಡು ವಾರ ಕಳೆದ ಮೇಲೆ ಬದಲಾವಣೆಯನ್ನು ಶುರುಮಾಡಬಹುದು. ಅಭ್ಯಾಸವೊಂದು ರೂಢಿಯಾಗಲು 21 ದಿನ ಸಾಕೆಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದರ ಮೂಲವನ್ನು ಹುಡುಕುತ್ತ ಹೋದವರು ಸಾಮಾನ್ಯವಾಗಿ ಹೋಗಿ ನಿಲ್ಲುವುದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ ಬಳಿ. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕನಿಷ್ಠ 21 ದಿನ ಬೇಕಾಗುತ್ತದೆಂದು ಆತ 1960ರಲ್ಲಿ ಬರೆದಿದ್ದ. ‘ಕನಿಷ್ಠ’ ಎಂಬ ಪದ ಬಾಯಿಂದ ಬಾಯಿಗೆ ದಾಟುವಾಗ ಬಿದ್ದುಹೋಯಿತು, ಮುಖದ ಮಾತು ಅಭ್ಯಾಸದ ಮಾತಾಯಿತು. ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು. 96 ಸ್ವಯಂಸೇವಕರು ತಿನ್ನುವ, ಕುಡಿಯುವ ಅಥವಾ ವ್ಯಾಯಾಮಕ್ಕೆ ಸಂಬಂಧಿಸಿದ ಯಾವುದಾದರೂ ಒಂದು ಸಣ್ಣ ಕೆಲಸವನ್ನು ಆರಿಸಿಕೊಂಡು 12 ವಾರ ಪ್ರತಿದಿನ ಅದೇ ಸಂದರ್ಭದಲ್ಲಿ ಮಾಡಿದರು. ಆ ಕೆಲಸ ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ಬೇಕಾದ ಅವಧಿ, ಆ 12 ವಾರಗಳ ದಾಖಲೆಯಿಂದ ಮುಂದಕ್ಕೂ ಅಂದಾಜು ಮಾಡಿದ ಅವರ ಲೆಕ್ಕದಂತೆ, ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿ 18 ದಿನಗಳಿಂದ 254 ದಿನಗಳವರೆಗೆ ಹರಡಿತ್ತು. ನಡುವಿನ ಅಂಕಿ 66. ಒಂದು ದಿನ ತಪ್ಪಿಹೋದರೆ ಅದರಿಂದ ಗಮನಾರ್ಹ ಹಾನಿಯಾಗಲಿಲ್ಲವೆಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು. ಇಪ್ಪತ್ತೆರಡನೆಯ ದಿನವೂ ಕಷ್ಟವೆನಿಸಿತೆಂದು ಬಿಟ್ಟುಬಿಟ್ಟವರು ಎಷ್ಟು ಜನರೋ!

ದಿನಚರಿಗೂ ಈ ಮಾತು ಸಲ್ಲುತ್ತದೆ. ಒಂದು ದಿನ ಬರೆಯದಿದ್ದರೆ ಆ ಪುಟದಲ್ಲಿ ತಾರೀಖು ಹಾಕಿ ಖಾಲಿ ಬಿಡಿ, ಮರುದಿನ ಕೂತು ತುಂಬಿಸಬೇಡಿ. ಖಾಲಿ ಪುಟಗಳೂ ಆಮೇಲೆ ಏನನ್ನೋ ಹೇಳುತ್ತವೆ.

ಐದನೆಯ ಹೆಜ್ಜೆ: ತಿಂಗಳಿಗೊಮ್ಮೆ ಬೇರೆಯವರ ಪುಸ್ತಕದಂತೆ ಓದುವುದು

ತಿಂಗಳು ತುಂಬುವ ತನಕ ಹಿಂದಿನ ಪುಟಗಳನ್ನು ತಿರುವಿ ನೋಡಬೇಡಿ. ನೋಡಿದರೆ ಬರೆಯುವ ರೀತಿ ಬದಲಾಗುತ್ತದೆ. ಕಥೆಯೊಂದು ಮನಸ್ಸಿನಲ್ಲಿ ರೂಪುಗೊಂಡು, ಅದಕ್ಕೆ ಹೊಂದುವ ಘಟನೆಗಳನ್ನೇ ನಾವು ಆರಿಸತೊಡಗುತ್ತೇವೆ. ತಿಂಗಳ ಕೊನೆಗೆ ರಜೆಯ ದಿನದ ಬೆಳಗಿನಲ್ಲಿ ಮುಕ್ಕಾಲು ಗಂಟೆ ಬಿಡುವು ಮಾಡಿಕೊಂಡು, ಬರೆದ ಪೆನ್ನಿನ ಬಣ್ಣವಲ್ಲದ ಬೇರೆ ಬಣ್ಣದ ಪೆನ್ಸಿಲ್ ಹಿಡಿದು ಕೂರಿ. ರಾತ್ರಿ ಬೇಡ, ದಣಿದ ಮನಸ್ಸು ಎಲ್ಲದರಲ್ಲೂ ಸೋಲನ್ನೇ ಕಾಣುತ್ತದೆ.

ಮೊದಲ ಓದಿನಲ್ಲಿ ಏನನ್ನೂ ಗುರುತು ಮಾಡದೆ ಆರಂಭದಿಂದ ಕೊನೆಯವರೆಗೆ ಓದಿ. ಎರಡನೆಯ ಓದಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಂದದ್ದಕ್ಕೆಲ್ಲ ಅಡಿಗೆರೆ ಎಳೆಯಿರಿ: ಅದೇ ಹೆಸರು, ಅದೇ ಹೊತ್ತು, ಅದೇ ನೆಪ, ಅದೇ ಮಾತು. ಒಂದು ಸಲ ನಡೆದದ್ದು ಆಕಸ್ಮಿಕವಾಗಿರಬಹುದು. ಮೂರು ಸಲ ನಡೆದದ್ದನ್ನು ಪುಟದ ಅಂಚಿನಲ್ಲಿ ಎತ್ತಿ ಬರೆದುಕೊಳ್ಳಿ. ನಾಲ್ಕನೆಯ ಸಾಲನ್ನು, ಅಂದರೆ ಮಾಡದೆ ಬಿಟ್ಟ ಕೆಲಸಗಳನ್ನು, ಬೇರೆಯಾಗಿ ಒಟ್ಟು ಮಾಡಿ. ಒಂದೇ ಕೆಲಸ ಹನ್ನೊಂದು ದಿನ ಅಲ್ಲಿ ಕಾಣಿಸಿಕೊಂಡಿದ್ದರೆ ಅದನ್ನು ಮಾಡಿ ಮುಗಿಸಬೇಕು, ಇಲ್ಲವೇ ಮಾಡುವುದಿಲ್ಲವೆಂದು ತೀರ್ಮಾನಿಸಿ ಪಟ್ಟಿಯಿಂದ ತೆಗೆಯಬೇಕು. ಎರಡೂ ಗೌರವದ ದಾರಿಗಳೇ. ಹನ್ನೆರಡನೆಯ ದಿನವೂ ಅದನ್ನೇ ಬರೆಯುವುದು ಮಾತ್ರ ಗೌರವದ ದಾರಿಯಲ್ಲ.

ಮೂರನೆಯ ಓದು ಬಹಳ ಮುಖ್ಯವಾದದ್ದು. ಅದರಲ್ಲಿ ಇಲ್ಲದಿರುವುದನ್ನು ಹುಡುಕಬೇಕು. ಯಾರು ನಿಮಗೆ ಹತ್ತಿರದವರು ಎಂದು ಕೇಳಿದರೆ ನೀವು ಹೇಳುವ ಐದಾರು ಹೆಸರುಗಳನ್ನು ಬೇರೆ ಚೀಟಿಯಲ್ಲಿ ಬರೆದು, ಅವು ತಿಂಗಳ ಪುಟಗಳಲ್ಲಿ ಎಷ್ಟು ಸಲ ಬಂದಿವೆಯೆಂದು ಎಣಿಸಿ. ನಾನು ಮೊದಲ ಸಲ ಹೀಗೆ ಎಣಿಸಿದಾಗ ಕಾಲೇಜಿನ ದಿನಗಳಿಂದ ಜೊತೆಗಿದ್ದ ಗೆಳೆಯನ ಹೆಸರು ಒಂದು ಸಲವೂ ಇರಲಿಲ್ಲ. ಹಿಂದಿನ ಮೂರು ತಿಂಗಳ ಪುಟಗಳನ್ನು ತೆಗೆದೆ, ಅಲ್ಲಿಯೂ ಇರಲಿಲ್ಲ. ಅವನೊಡನೆ ಮನಸ್ತಾಪವೇನೂ ಆಗಿರಲಿಲ್ಲ. ಆಗಿದ್ದರೆ ಆ ಸಂಗತಿಯಾದರೂ ಪುಟದಲ್ಲಿ ಇರುತ್ತಿತ್ತು. ಕ್ಷಮೆ, ವಿವರಣೆ ಯಾವುದೂ ಇಲ್ಲದೆ, ‘ನಿನ್ನ ನೆನಪಾಯ್ತು, ಭಾನುವಾರ ಸಿಗ್ತೀಯಾ?’ ಎಂದು ಒಂದು ಸಂದೇಶ ಕಳಿಸಿದೆ. ‘ಬದುಕಿದ್ದೀಯಾ ಮಾರಾಯ!’ ಎಂದು ಉತ್ತರ ಬಂತು.

ಆರನೆಯ ಹೆಜ್ಜೆ: ಒಂದನ್ನೇ ಬದಲಾಯಿಸುವುದು

ಓದಿ ಮುಗಿಸಿದಾಗ ಬದಲಾಯಿಸಬೇಕಾದ ಹತ್ತು ಸಂಗತಿಗಳು ಕಾಣುತ್ತವೆ. ಮುಂದಿನ ತಿಂಗಳಿಗೆ ಒಂದನ್ನು ಮಾತ್ರ ಎತ್ತಿಕೊಳ್ಳಿ, ಮತ್ತು ಅದನ್ನು ಮೊದಲ ಹೆಜ್ಜೆಯಲ್ಲಿ ಹೇಳಿದಂತೆ ಸಂದರ್ಭ ಸಹಿತವಾಗಿ ಬರೆಯಿರಿ. ಅಕ್ಕನ ವಿಷಯದಲ್ಲಿ ನಾನು ‘ಇನ್ನು ಮುಂದೆ ಗಮನವಿಟ್ಟು ಮಾತಾಡುತ್ತೇನೆ’ ಎಂದು ಬರೆಯಲಿಲ್ಲ. ‘ಅಕ್ಕನ ಫೋನ್ ಬಂದರೆ ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ, ಆಗದ ಹೊತ್ತಾದರೆ ಎತ್ತುವುದಿಲ್ಲ, ಆ ರಾತ್ರಿಯೇ ನಾನೇ ಮಾಡುತ್ತೇನೆ’ ಎಂದು ಬರೆದೆ. ಗಮನವಿಡುವುದು ನನ್ನ ಕೈಯಲ್ಲಿ ಪೂರ್ತಿಯಾಗಿ ಇಲ್ಲ, ಎದ್ದು ನಿಲ್ಲುವುದು ಇದೆ. ಮುಂದಿನ ತಿಂಗಳು ಅಕ್ಕನ ನಾಲ್ಕು ಕರೆಗಳಲ್ಲಿ ಮೂರಕ್ಕೆ ಎದ್ದು ನಿಂತಿದ್ದೆ ಎಂದು ಪುಟಗಳು ಹೇಳುತ್ತವೆ. ನಾಲ್ಕನೆಯದರಲ್ಲಿ ಮತ್ತೆ ಮೇಲ್ ನೋಡಿದ್ದೆ. ಆದರೆ ಆ ಮೂರರಲ್ಲಿ ಒಂದು ಸಲ ಅಕ್ಕ, ತನ್ನ ಮಂಡಿನೋವಿನ ವಿಷಯವನ್ನು, ಅದಕ್ಕಾಗಿ ಎರಡು ತಿಂಗಳಿನಿಂದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿರುವುದನ್ನು ಹೇಳಿದಳು. ಎರಡು ತಿಂಗಳೆಂದರೆ, ಆ ಮೂರು ಸಾಲುಗಳನ್ನು ಬರೆದ ದಿನಗಳಲ್ಲೇ ನೋವು ಶುರುವಾಗಿತ್ತು.

ಬರಹವೇ ಭಾರವಾದರೆ

ಎಲ್ಲರಿಗೂ ಎಲ್ಲ ಕಾಲದಲ್ಲೂ ಈ ಕ್ರಮ ಒಗ್ಗುತ್ತದೆಂದು ಹೇಳುವುದು ತಪ್ಪಾಗುತ್ತದೆ. ಸಾವು, ಅಗಲಿಕೆ, ಮೋಸದಂಥ ದೊಡ್ಡ ನೋವು ಎದುರಿಗಿರುವಾಗ ಐದು ಸಾಲಿನ ಲೆಕ್ಕ ನಿಲ್ಲುವುದಿಲ್ಲ. ಅಂಥ ಹೊತ್ತಿನ ಬರಹ ಬೇರೆ. ಮನಶ್ಶಾಸ್ತ್ರದ ಸಂಶೋಧಕರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಬದುಕಿನ ಆಘಾತದ ಬಗ್ಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ನಡೆದದ್ದನ್ನೂ ಅದರ ಬಗೆಗಿನ ಭಾವನೆಗಳನ್ನೂ ಸೇರಿಸಿ ಬರೆದವರಿಗೆ ಬರೆದು ಮುಗಿಸಿದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗಿತ್ತು, ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಆ ಕ್ರಮದಲ್ಲಿ ಬರೆಯುವುದಕ್ಕೆ ನಾಲ್ಕು ದಿನಗಳ ಗಡಿಯಿರುವುದನ್ನು ಗಮನಿಸಬೇಕು. ಒಂದೇ ನೋವನ್ನು ತಿಂಗಳುಗಟ್ಟಲೆ ಅದೇ ಪದಗಳಲ್ಲಿ ಬರೆಯುತ್ತ ಹೋಗುವುದು ಹುಣ್ಣನ್ನು ದಿನಾ ಕೆರೆದಂತೆಯೇ ಸರಿ.

ನಿಮ್ಮ ಪುಟಗಳಲ್ಲಿ ಹಾಗೆ ಕಂಡರೆ ನೋಟ್‌ಬುಕ್ ಮುಚ್ಚಿಟ್ಟು, ನಂಬಿಕೆಯ ಒಬ್ಬರೊಡನೆ ಮಾತಾಡುವುದು ಒಳಿತು. ಎರಡು ವಾರಕ್ಕೂ ಮೀರಿ ದಿನದ ಬಹುಭಾಗ ಮನಸ್ಸು ಕುಗ್ಗಿಯೇ ಇದ್ದು, ನಿದ್ದೆ, ಹಸಿವು, ಕೆಲಸದ ಆಸಕ್ತಿ ಕೆಟ್ಟಿದ್ದರೆ ವೈದ್ಯರನ್ನು ಕಾಣಬೇಕು. ಬದುಕಿರುವುದೇ ಬೇಡವೆಂಬ ಯೋಚನೆ ಬರುತ್ತಿದ್ದರೆ ಎರಡು ವಾರ ಕಾಯದೆ ಅಂದೇ ಕಾಣಬೇಕು. ಆಗ ಪುಟಗಳನ್ನು ಜೊತೆಗೆ ಒಯ್ಯಿರಿ. ಯಾವಾಗಿನಿಂದ ಎಂಬ ವೈದ್ಯರ ಮೊದಲ ಪ್ರಶ್ನೆಗೆ ನೆನಪಿಗಿಂತ ನಿಖರವಾದ ಉತ್ತರ ಅವುಗಳಲ್ಲಿರುತ್ತದೆ.

ತುಂಬಿದ ನೋಟ್‌ಬುಕ್ಕುಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ವರ್ಷ ಕಳೆದ ಮೇಲೆ ಬರುತ್ತದೆ. ಅಂಚಿನಲ್ಲಿ ಎತ್ತಿ ಬರೆದ ಟಿಪ್ಪಣಿಗಳನ್ನಷ್ಟೇ ಹೊಸ ನೋಟ್‌ಬುಕ್ಕಿನ ಕೊನೆಯ ಪುಟಗಳಿಗೆ ಇಳಿಸಿಕೊಂಡು, ಬೇರೆಯವರ ಮಾತುಗಳಿರುವ ಹಳೆಯ ಪುಟಗಳನ್ನು ಹರಿದುಹಾಕುವವರಿದ್ದಾರೆ. ಆ ಮಾತುಗಳನ್ನು ಬರೆದಿಟ್ಟುಕೊಳ್ಳಲು ನಾವು ಅವರ ಅನುಮತಿ ಕೇಳಿರಲಿಲ್ಲವಾದ್ದರಿಂದ ಅದು ನ್ಯಾಯವಾದ ಪದ್ಧತಿಯೆಂದೇ ನನಗೆ ತೋರುತ್ತದೆ. ನಾನೂ ಮೂರು ನೋಟ್‌ಬುಕ್ಕುಗಳನ್ನು ಹಾಗೆಯೇ ಮುಗಿಸಿದೆ. ಅಕ್ಕನ ಮೂರು ಸಾಲುಗಳಿದ್ದ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ, ಅದೂ ಅವಳಿಗೆ ತೋರಿಸಿ ಕೇಳಿದ ಮೇಲೆ. ಓದಿ ನಕ್ಕು, ‘ಮೂರೇ ಸಲ ಬರ್ದಿದ್ದೀಯ’ ಅಂದಳು.